ಪ್ರತಿ ರಾತ್ರಿ ಸಂತೋಷಕ್ಕೆ ಅಂಕ: ಒಂದು ನೆಮ್ಮದಿಯ ಆ್ಯಪ್‌ನೊಂದಿಗೆ ಎಂಟು ವಾರ

ಸಂತೋಷವನ್ನು ವೈಜ್ಞಾನಿಕ ವಿಧಾನದಿಂದ ಹೆಚ್ಚಿಸಿಕೊಡುವುದಾಗಿ ಹೇಳಿಕೊಳ್ಳುವ ಒಂದು ಮೊಬೈಲ್ ಆ್ಯಪ್‌ನ ಎಂಟು ವಾರಗಳ ಕೋರ್ಸನ್ನು ಒಂದು ಪಾಠವನ್ನೂ ಬಿಡದೆ ಮುಗಿಸಿ ಈ ವಿಮರ್ಶೆಯನ್ನು ಬರೆಯುತ್ತಿದ್ದೇನೆ. ಆ್ಯಪ್‌ನ ಹೆಸರನ್ನು ಹೇಳುವುದಿಲ್ಲ. ಇದೇ ಅಚ್ಚಿನಲ್ಲಿ ತೆಗೆದ ಸೇವೆಗಳು ಈಗ ಬಹಳಷ್ಟಿವೆ. ನಾನು ಕಂಡ ಗುಣದೋಷಗಳು ಯಾವುದೋ ಒಂದಕ್ಕೆ ಮೀಸಲಾದವು ಎಂದು ಓದುಗರು ಭಾವಿಸಿಬಿಟ್ಟರೆ, ಉಳಿದವನ್ನು ಕೊಳ್ಳುವಾಗ ಅವರು ಎಚ್ಚರ ತಪ್ಪುವ ಸಾಧ್ಯತೆಯಿದೆ. ಅಮ್ಮನ ದೀರ್ಘ ಕಾಯಿಲೆ ಮತ್ತು ಅಗಲಿಕೆಯ ನಂತರದ ತಿಂಗಳುಗಳಲ್ಲಿ ನಿದ್ದೆ ಸರಿಯಿರಲಿಲ್ಲ, ಯಾವ ಕೆಲಸಕ್ಕೂ ಮನಸ್ಸು ಏಳುತ್ತಿರಲಿಲ್ಲ. ತಂಗಿ ತನ್ನ ಫೋನಿನಲ್ಲಿದ್ದ ಈ ಆ್ಯಪನ್ನು ತೋರಿಸಿ, "ಅಕ್ಕ, ಒಂದು ಸಲ ನೋಡು, ಕಳೆದುಕೊಳ್ಳುವುದೇನಿದೆ" ಎಂದಳು. ಹಾಗೆ ಶುರುವಾಯಿತು.

ಸೇವೆಯ ಸ್ವರೂಪ ಸರಳವಾಗಿದೆ. ವಾರಕ್ಕೊಂದು ಧ್ವನಿಪಾಠ, ಆ ಪಾಠಕ್ಕೆ ಹೊಂದುವ ಒಂದು ಅಭ್ಯಾಸ, ಪ್ರತಿ ರಾತ್ರಿ ಮೂರು ಒಳ್ಳೆಯ ಸಂಗತಿಗಳನ್ನು ಬರೆಯುವ ದಿನಚರಿ, ಅದರ ಕೆಳಗೆ ಅಂದಿನ ಸಂತೋಷಕ್ಕೆ ಸೊನ್ನೆಯಿಂದ ಹತ್ತರವರೆಗೆ ಅಂಕ ಕೊಡುವ ಒಂದು ಪಟ್ಟಿ. ಎರಡು ವಾರಕ್ಕೊಮ್ಮೆ ಒಂದು ಪ್ರಶ್ನಾವಳಿ ಬರುತ್ತದೆ. ಮೊದಲ ವಾರ ಉಚಿತ, ಆಮೇಲೆ ವರ್ಷದ ಚಂದಾ ಒಟ್ಟಿಗೆ ಕಟ್ಟಬೇಕು. ಎಂಟು ವಾರದ ಕೋರ್ಸಿಗೆ ವರ್ಷದ ಹಣವೇಕೆ ಎಂಬ ಪ್ರಶ್ನೆ ನನ್ನಲ್ಲಿ ಉಳಿದಿದೆ. ಧ್ವನಿಪಾಠಗಳ ನಿರೂಪಣೆ ಚೆನ್ನಾಗಿದೆ. ಅವಸರವಿಲ್ಲ, ಉಪದೇಶದ ಧಾಟಿಯೂ ಇಲ್ಲ.

ನನಗೆ ಮೊದಲು ತೊಡಕೆನಿಸಿದ್ದು ಆ ಅಂಕದ ಪಟ್ಟಿ. "ಇಂದು ನೀವು ಎಷ್ಟು ಸಂತೋಷವಾಗಿದ್ದಿರಿ?" ಎಂದು ಅದು ಕೇಳುತ್ತದೆ. ಸುಖ, ಸಂತೋಷ, ಆನಂದ, ತೃಪ್ತಿ, ನೆಮ್ಮದಿ ಎಂಬ ಮಾತುಗಳನ್ನು ನಾವು ಎಂದೂ ಒಂದರ ಜಾಗದಲ್ಲಿ ಇನ್ನೊಂದನ್ನು ಇಟ್ಟು ಆಡುವುದಿಲ್ಲ. ಸುಖವಾಗಿದ್ದೂ ನೆಮ್ಮದಿಯಿಲ್ಲ ಎನ್ನುವವರಿದ್ದಾರೆ. ಕಷ್ಟದಲ್ಲಿದ್ದರೂ ತೃಪ್ತಿಯಿದೆ ಎನ್ನುವವರೂ ಇದ್ದಾರೆ. ಮನೋವಿಜ್ಞಾನ ಕೂಡ ಈ ವ್ಯತ್ಯಾಸವನ್ನು ಮೊದಲಿನಿಂದಲೇ ಗುರುತಿಸಿಕೊಂಡು ಬಂದಿದೆ. ಎಡ್ ಡೀನರ್ 1984ರಲ್ಲಿ ಈ ಕ್ಷೇತ್ರಕ್ಕೆ ತಳಪಾಯವಾದ ಪ್ರಬಂಧವನ್ನು ಬರೆದಾಗ, ತನ್ನ ಬದುಕಿನ ಬಗ್ಗೆ ಮನುಷ್ಯ ಕೊಡುವ ತೀರ್ಪನ್ನು ಒಂದು ಕಡೆಯೂ, ದಿನದಿನ ಅವನು ಅನುಭವಿಸುವ ಹಿತ ಮತ್ತು ಅಹಿತದ ಭಾವಗಳನ್ನು ಇನ್ನೊಂದು ಕಡೆಯೂ ಇಟ್ಟು ನೋಡಿದರು. ಮರುವರ್ಷ ಅವರೂ ಸಂಗಡಿಗರೂ ಸೇರಿ ರೂಪಿಸಿದ ಜೀವನತೃಪ್ತಿ ಮಾಪಕದಲ್ಲಿ ಐದೇ ವಾಕ್ಯಗಳಿವೆ. ಒಂದೊಂದಕ್ಕೂ 1ರಿಂದ 7ರವರೆಗೆ ಉತ್ತರಿಸಬೇಕು, ಒಟ್ಟು ಅಂಕ 5ರಿಂದ 35ರ ನಡುವೆ ಬರುತ್ತದೆ. ಕ್ಯಾರಲ್ ರಿಫ್ 1989ರಲ್ಲಿ ಇನ್ನೊಂದು ದಾರಿ ಹಿಡಿದು, ಸ್ವಂತಿಕೆ, ಬೆಳವಣಿಗೆ, ಸಂಬಂಧ, ಬದುಕಿನ ಗುರಿ ಮುಂತಾದ ಆರು ಮುಖಗಳಲ್ಲಿ ಮನಸ್ಸಿನ ಸ್ವಾಸ್ಥ್ಯವನ್ನು ನೋಡಬೇಕೆಂದರು. ಇಷ್ಟೆಲ್ಲ ಯೋಚನೆ ನಡೆದಿರುವ ವಿಷಯವನ್ನು ಆ್ಯಪ್ ಒಂದು ಪದಕ್ಕೂ ಒಂದು ಅಂಕಕ್ಕೂ ಇಳಿಸಿಬಿಟ್ಟಿದೆ. ಅಮ್ಮನ ಬಟ್ಟೆಗಳನ್ನು ಮಡಚಿಟ್ಟ ದಿನ ನಾನು ಅತ್ತಿದ್ದೆ, ಆದರೆ ಆ ರಾತ್ರಿ ಬಹಳ ದಿನಗಳ ನಂತರ ನೆಮ್ಮದಿಯಾಗಿ ಮಲಗಿದೆ. ಆ ದಿನಕ್ಕೆ ಎಷ್ಟು ಅಂಕ ಕೊಡಬೇಕಿತ್ತು? ಪಟ್ಟಿಯ ಮೇಲೆ ಬೆರಳಿಟ್ಟುಕೊಂಡು ಸುಮಾರು ಹೊತ್ತು ಕುಳಿತಿದ್ದು, ಕೊನೆಗೆ ಐದು ಎಂದು ಒತ್ತಿದೆ. ಆ ಐದರಲ್ಲಿ ಆ ದಿನದ ಸುಳಿವೂ ಇರಲಿಲ್ಲ.

ಅಂಕವೆಂಬುದು ಕೇಳಿದ ಗಳಿಗೆಗೆ ತಕ್ಕಂತೆ ಬದಲಾಗುತ್ತದೆ ಎಂಬುದೂ ತಿಳಿದ ವಿಷಯವೇ. ನಾರ್ಬರ್ಟ್ ಶ್ವಾರ್ಟ್ಸ್ ಮತ್ತು ಜೆರಾಲ್ಡ್ ಕ್ಲೋರ್ 1983ರಲ್ಲಿ ಪ್ರಕಟಿಸಿದ ಪ್ರಸಿದ್ಧ ಅಧ್ಯಯನದಲ್ಲಿ, ಫೋನಿನಲ್ಲಿ ಬದುಕಿನ ತೃಪ್ತಿಯ ಬಗ್ಗೆ ಕೇಳಿದಾಗ ಬಿಸಿಲಿನ ದಿನ ಸಿಕ್ಕ ಉತ್ತರಗಳು ಮಳೆಯ ದಿನದ ಉತ್ತರಗಳಿಗಿಂತ ಮೇಲಿದ್ದವು. ಮೊದಲೇ ಹವಾಮಾನದ ಮಾತೆತ್ತಿ ಆಮೇಲೆ ಪ್ರಶ್ನೆ ಕೇಳಿದಾಗ ಆ ಅಂತರ ಹೋಯಿತು. ಮುಂದೆ ದೊಡ್ಡ ಪ್ರಮಾಣದ ಸಮೀಕ್ಷೆಗಳಲ್ಲಿ ಹವಾಮಾನದ ಈ ಪ್ರಭಾವ ಅಷ್ಟು ಸ್ಪಷ್ಟವಾಗಿ ಕಾಣಲಿಲ್ಲವೆಂಬುದನ್ನೂ ಹೇಳಬೇಕು. ನನ್ನ ಅನುಭವ ಮಾತ್ರ ಹೀಗಿದೆ: ಊಟಕ್ಕೆ ಮೊದಲು ಕೊಟ್ಟ ಅಂಕವೂ ಮಲಗುವ ಮುಂಚೆ ಕೊಟ್ಟ ಅಂಕವೂ ಹೆಚ್ಚಿನ ದಿನ ಒಂದೇ ಆಗಿರಲಿಲ್ಲ. ಎರಡನೆಯ ವಾರದ ಹೊತ್ತಿಗೆ ಹಗಲಿನಲ್ಲೇ, ಯಾರೊಂದಿಗಾದರೂ ಮಾತನಾಡುತ್ತಿರುವಾಗಲೇ, ಇದಕ್ಕೆ ರಾತ್ರಿ ಎಷ್ಟು ಹಾಕಲಿ ಎಂಬ ಯೋಚನೆ ಬರತೊಡಗಿತು. ಸಂತೋಷಕ್ಕೆ ಅತಿಯಾದ ಬೆಲೆ ಕೊಟ್ಟು ಅದನ್ನೇ ಎದುರುನೋಡುವವರು ಹಿತವಾದ ಸನ್ನಿವೇಶಗಳಲ್ಲಿ ಅದನ್ನು ಕಡಿಮೆ ಅನುಭವಿಸುತ್ತಾರೆ ಎಂದು ಐರಿಸ್ ಮಾಸ್ ಮತ್ತು ಸಂಗಡಿಗರು 2011ರಲ್ಲಿ ತೋರಿಸಿದ್ದರು. ಅದನ್ನು ಓದಿ ತಿಳಿದಿದ್ದೆ. ನನ್ನದೇ ಮಾತುಕತೆಗಳ ನಡುವೆ ಆ ಪಟ್ಟಿ ಬಂದು ನಿಂತಾಗ ಅದು ಚೆನ್ನಾಗಿ ಅರ್ಥವಾಯಿತು.

ದಿನಚರಿಯ ಭಾಗಕ್ಕೆ ಬರುತ್ತೇನೆ. ದಿನದ ಮೂರು ಒಳ್ಳೆಯ ಸಂಗತಿಗಳನ್ನು ಬರೆಯುವ ಅಭ್ಯಾಸಕ್ಕೆ ಗಟ್ಟಿಯಾದ ಹಿನ್ನೆಲೆಯಿದೆ. ಮಾರ್ಟಿನ್ ಸೆಲಿಗ್‌ಮನ್ ಮತ್ತು ಅವರ ತಂಡ 2005ರಲ್ಲಿ ಇಂಟರ್‌ನೆಟ್ ಮೂಲಕವೇ ನಡೆಸಿದ ಪ್ರಯೋಗದಲ್ಲಿ, ಒಂದು ವಾರ ಈ ಅಭ್ಯಾಸ ಮಾಡಿದವರಲ್ಲಿ ಅದರ ಫಲ ಆರು ತಿಂಗಳವರೆಗೂ ಕಂಡುಬಂದಿತ್ತು. ಆದರೆ ಆ ಪ್ರಯೋಗದಲ್ಲಿ ಸಂಗತಿಯನ್ನು ಬರೆದರೆ ಮುಗಿಯುತ್ತಿರಲಿಲ್ಲ. ಅದು ಏಕೆ ನಡೆಯಿತು ಎಂಬುದನ್ನೂ ಬರೆಯಬೇಕಿತ್ತು. ಈ ಅಭ್ಯಾಸದ ಜೀವ ಇರುವುದೇ ಅಲ್ಲಿ ಎಂಬುದು ನನ್ನ ಅನಿಸಿಕೆ. ಆ್ಯಪ್‌ನಲ್ಲಿ "ಏಕೆ?" ಎಂಬ ಖಾನೆ ಒಂದು ಸಣ್ಣ ಬಾಣದ ಗುರುತಿನ ಕೆಳಗೆ ಅಡಗಿದೆ, ಒತ್ತದಿದ್ದರೆ ತೆರೆಯುವುದಿಲ್ಲ, ತುಂಬದಿದ್ದರೂ ಅಂದಿನ ಕೆಲಸ ಪೂರ್ತಿಯಾಯಿತೆಂದು ಹಸಿರು ಗುರುತು ಬೀಳುತ್ತದೆ. ನಾನು ಅದನ್ನು ಗಮನಿಸಿದ್ದು ಒಂಬತ್ತನೆಯ ದಿನ. ಅಲ್ಲಿಯವರೆಗೆ "ಪಕ್ಕದ ಮನೆಯವರು ಬಂದು ಮಾತನಾಡಿಸಿದರು" ಎಂದಷ್ಟೇ ಬರೆಯುತ್ತಿದ್ದೆ. ಖಾನೆ ತೆರೆದು, ಅವರು ಏಕೆ ಬಂದರು ಎಂದು ಯೋಚಿಸಿದಾಗ, ನಾಲ್ಕು ದಿನಗಳಿಂದ ನನ್ನ ಕಿಟಕಿ ತೆರೆಯದಿದ್ದುದನ್ನು ಅವರು ನೋಡಿಕೊಂಡೇ ಇದ್ದರು ಎಂಬುದು ಹೊಳೆಯಿತು. ಯಾರೋ ನನ್ನ ಕಿಟಕಿಯ ಕಡೆಗೆ ಗಮನವಿಟ್ಟಿದ್ದರು ಎಂಬ ತಿಳಿವಳಿಕೆ, ಅವರು ಬಂದು ಹೋದದ್ದಕ್ಕಿಂತ ಹೆಚ್ಚು ದಿನ ನನ್ನ ಜೊತೆಗಿತ್ತು. ಇಷ್ಟು ಒಳ್ಳೆಯ ಪ್ರಶ್ನೆಯನ್ನು ಒಂದು ಬಾಣದ ಹಿಂದೆ ಬಚ್ಚಿಟ್ಟವರು, ಬಳಕೆದಾರರಿಗೆ ಬರೆಯುವ ಶ್ರಮ ಕಡಿಮೆಯಾಗಲಿ ಎಂದುಕೊಂಡಿರಬೇಕು. ಆ ಶ್ರಮವೇ ಔಷಧವಾಗಿತ್ತು.

ಪ್ರತಿದಿನ ಬರೆಯಲೇಬೇಕೆಂಬ ಒತ್ತಾಯವೂ ಸರಿಯೆನಿಸಲಿಲ್ಲ. ತಮಗೆ ದೊರೆತ ಒಳಿತುಗಳನ್ನು ನೆನೆದು ಬರೆಯುವ ಅಭ್ಯಾಸವನ್ನು ಸೋನ್ಯಾ ಲ್ಯುಬೊಮಿರ್ಸ್ಕಿಯವರ ತಂಡ ಪರೀಕ್ಷಿಸಿದಾಗ, ವಾರಕ್ಕೆ ಮೂರು ಸಲ ಬರೆದವರಿಗಿಂತ ವಾರಕ್ಕೊಮ್ಮೆ ಬರೆದವರಿಗೇ ಪ್ರಯೋಜನವಾಯಿತು. ಮನಸ್ಸು ಯಾವುದಕ್ಕೂ ಬೇಗ ಒಗ್ಗಿಕೊಳ್ಳುವುದರಿಂದ ಹೀಗಾಗಿರಬಹುದು. ಕೃತಜ್ಞತೆಯೂ ದಿನಾ ಒಂದೇ ಹೊತ್ತಿಗೆ ಒಂದೇ ಪರದೆಯ ಮೇಲೆ ಮೂಡಬೇಕಾದಾಗ ಹಾಜರಿ ಹಾಕಿದಂತಾಗುತ್ತದೆ. ನನ್ನ ನಾಲ್ಕನೆಯ ವಾರದ ದಿನಚರಿಯನ್ನು ಈಗ ತೆರೆದು ನೋಡಿದರೆ, "ನಿದ್ದೆ ಪರವಾಗಿಲ್ಲ" ಎಂಬ ಸಾಲು ಏಳು ದಿನಗಳಲ್ಲಿ ಐದು ದಿನ ಇದೆ.

ಸತತವಾಗಿ ಎಷ್ಟು ದಿನ ಬರೆದಿರಿ ಎಂಬ ಲೆಕ್ಕವನ್ನು ಆ್ಯಪ್ ಒಂದು ಗಿಡದ ಚಿತ್ರದಿಂದ ತೋರಿಸುತ್ತದೆ. ದಿನಕ್ಕೊಂದು ಎಲೆ. ಇಪ್ಪತ್ತಮೂರನೆಯ ದಿನ ತಂಗಿಯ ಮಗನಿಗೆ ಜ್ವರ ಏರಿ, ರಾತ್ರಿಯೆಲ್ಲ ಅವನ ಹಣೆಗೆ ಒದ್ದೆ ಬಟ್ಟೆ ಹಾಕುತ್ತ ಕುಳಿತಿದ್ದೆವು. ಫೋನ್ ಎಲ್ಲಿತ್ತೋ ಗೊತ್ತಿಲ್ಲ. ಮರುದಿನ ಆ್ಯಪ್ ತೆರೆದಾಗ ಗಿಡ ಬೋಳಾಗಿ ಬೂದು ಬಣ್ಣಕ್ಕೆ ತಿರುಗಿತ್ತು, ಕೆಳಗೆ ಸೊನ್ನೆ ಎಂದಿತ್ತು. ಆ ರಾತ್ರಿಯಷ್ಟು ಅರ್ಥಪೂರ್ಣವಾದ ರಾತ್ರಿ ಆ ಎಂಟು ವಾರಗಳಲ್ಲಿ ಇನ್ನೊಂದಿರಲಿಲ್ಲ. ಬೆಳಗಿನ ಜಾವ ಜ್ವರ ಇಳಿದು ಹುಡುಗ "ದೊಡ್ಡಮ್ಮ, ನೀರು" ಎಂದಾಗ ನಮ್ಮಿಬ್ಬರಿಗೂ ಆದದ್ದಕ್ಕೆ ಯಾವ ಮಾಪಕವೂ ಬೇಕಿರಲಿಲ್ಲ. ಅದನ್ನು ಆ್ಯಪ್ ಸೋಲಿನ ದಿನವೆಂದು ದಾಖಲಿಸಿತು. ಬೇರೆಯವರ ಕಷ್ಟಕ್ಕೆ ಒದಗುವುದು ಸ್ವಾಸ್ಥ್ಯದ ಬೇರುಗಳಲ್ಲಿ ಒಂದು ಎಂದು ಐದನೆಯ ಪಾಠದಲ್ಲಿ ತಾನೇ ಹೇಳುವ ಸೇವೆ, ಹಾಗೆ ಒದಗಿದವರ ಗಿಡದ ಎಲೆ ಉದುರಿಸಬಾರದಿತ್ತು.

ಪಾಠಗಳ ವಿಷಯಕ್ಕೆ ಬಂದರೆ, ಕೆಲವು ಕಡೆ ವಿಜ್ಞಾನ ಹಳತಾಗಿದೆ. ಎರಡು ಕಡೆ ತಪ್ಪೇ ಇದೆ. ಮೂರನೆಯ ಪಾಠದಲ್ಲಿ, ಒಂದು ಅಹಿತ ಭಾವಕ್ಕೆ ಮೂರು ಹಿತ ಭಾವಗಳಿದ್ದರೆ ಮನುಷ್ಯ ಅರಳುತ್ತಾನೆ ಎಂಬ ಸೂತ್ರವಿದೆ. ಬಾರ್ಬರಾ ಫ್ರೆಡ್ರಿಕ್ಸನ್ ಮತ್ತು ಮಾರ್ಷಿಯಲ್ ಲೊಸಾಡಾ 2005ರಲ್ಲಿ ಗಣಿತದ ಸಮೀಕರಣಗಳ ಬಲದಿಂದ 2.9013 ಎಂಬ ಗಡಿಯನ್ನು ಮುಂದಿಟ್ಟಿದ್ದರು. ನಿಕ್ ಬ್ರೌನ್, ಅಲನ್ ಸೋಕಲ್ ಮತ್ತು ಹ್ಯಾರಿಸ್ ಫ್ರೀಡ್‌ಮನ್ 2013ರಲ್ಲಿ ಆ ಗಣಿತಕ್ಕೆ ಆಧಾರವೇ ಇಲ್ಲವೆಂದು ತೋರಿಸಿದ ಮೇಲೆ, ಪ್ರಬಂಧದ ಆ ಭಾಗವನ್ನು ಹಿಂದಕ್ಕೆ ಪಡೆಯಲಾಯಿತು. ಅದಾಗಿ ಇಷ್ಟು ವರ್ಷಗಳಾದರೂ ಹಣ ಪಡೆದು ಕಲಿಸುವ ಕೋರ್ಸಿನಲ್ಲಿ ಅದು ಅಂದಿನಂತೆಯೇ ಉಳಿದಿರುವುದನ್ನು ಅಲಕ್ಷ್ಯವೆಂದೇ ಕರೆಯಬೇಕು. ಕನ್ನಡಿಯ ಮುಂದೆ ನಿಂತು "ನಾನು ಪ್ರೀತಿಗೆ ಯೋಗ್ಯಳು" ಎಂದು ಹೇಳಿಕೊಳ್ಳುವ ಅಭ್ಯಾಸವೂ ಆ ಪಾಠದಲ್ಲೇ ಇದೆ. ಜೋನ್ ವುಡ್ ಮತ್ತು ಸಂಗಡಿಗರ 2009ರ ಪ್ರಯೋಗದಲ್ಲಿ ಇಂಥ ಮಾತು, ತಮ್ಮ ಬಗ್ಗೆ ಮೊದಲೇ ಕೀಳರಿಮೆ ಇದ್ದವರ ಮನಸ್ಸನ್ನು ಇನ್ನಷ್ಟು ಕುಗ್ಗಿಸಿತ್ತು. ಅದು ಯಾರಿಗೆ ಹೆಚ್ಚು ಬೇಕೋ ಅವರಿಗೇ ಅದು ಚುಚ್ಚುತ್ತದೆ.

ನನ್ನನ್ನು ಹೆಚ್ಚು ನೋಯಿಸಿದ್ದು ಮೊದಲ ಪಾಠದಲ್ಲಿ ಬರುವ ವೃತ್ತಾಕಾರದ ನಕ್ಷೆ. ಸಂತೋಷದ ಐವತ್ತು ಭಾಗ ಹುಟ್ಟಿನಿಂದ ಬರುತ್ತದೆ, ಹತ್ತು ಭಾಗ ಪರಿಸ್ಥಿತಿಯಿಂದ, ಉಳಿದ ನಲವತ್ತು ಭಾಗ ನಿಮ್ಮ ಕೈಯಲ್ಲೇ ಇದೆ ಎಂದು ಅದು ಸಾರುತ್ತದೆ. ಲ್ಯುಬೊಮಿರ್ಸ್ಕಿ, ಕೆನನ್ ಶೆಲ್ಡನ್ ಮತ್ತು ಡೇವಿಡ್ ಶ್ಕೇಡ್ 2005ರಲ್ಲಿ ಕೊಟ್ಟ ಅಂದಾಜು ಇದು. ಆ ಅಂಕಿಗಳು ಒಂದು ಜನಸಮೂಹದಲ್ಲಿ ಒಬ್ಬರಿಗೂ ಇನ್ನೊಬ್ಬರಿಗೂ ಇರುವ ವ್ಯತ್ಯಾಸವನ್ನು ಕುರಿತವು. ಒಬ್ಬ ವ್ಯಕ್ತಿಯ ಸಂತೋಷವನ್ನು ರೊಟ್ಟಿಯಂತೆ ತುಂಡು ಮಾಡಿ, ಇಷ್ಟು ನಿನ್ನದು ಎಂದು ಕೊಡಲು ಅವು ಬಾರವು. ಈ ವಾದಕ್ಕೆ ಬಂದ ಟೀಕೆಗಳನ್ನು ಶೆಲ್ಡನ್ ಮತ್ತು ಲ್ಯುಬೊಮಿರ್ಸ್ಕಿ 2019ರಲ್ಲಿ ತಾವೇ ಪರಿಶೀಲಿಸಿ, ಆ ನಕ್ಷೆಯ ಮಿತಿಗಳನ್ನು ಒಪ್ಪಿಕೊಂಡಿದ್ದಾರೆ. ಪರಿಸ್ಥಿತಿಗೆ ಹತ್ತೇ ಭಾಗ ಎಂಬ ಮಾತನ್ನು, ಆಗಷ್ಟೇ ತಾಯಿಯನ್ನು ಕಳೆದುಕೊಂಡವಳು ಕಿವಿಗೆ ಇಯರ್‌ಫೋನ್ ಹಾಕಿಕೊಂಡು ಕೇಳಿಸಿಕೊಳ್ಳುವಾಗ, ಈ ದುಃಖ ಹೋಗದಿರುವುದು ತನ್ನದೇ ಸೋಮಾರಿತನದಿಂದ ಎಂದು ಅವಳಿಗೆ ಅನಿಸುವುದಿಲ್ಲವೇ? ನನಗೆ ಹಾಗೆಯೇ ಅನಿಸಿತು.

ಮನುಷ್ಯ ಎಲ್ಲಕ್ಕೂ ಹೊಂದಿಕೊಳ್ಳುತ್ತಾನೆ ಎಂಬುದಕ್ಕೆ ಅದೇ ಪಾಠದಲ್ಲಿ ಫಿಲಿಪ್ ಬ್ರಿಕ್‌ಮನ್ ಮತ್ತು ಸಂಗಡಿಗರ 1978ರ ಅಧ್ಯಯನವನ್ನು ಸಾಕ್ಷಿಗೆ ತಂದಿದ್ದಾರೆ. ಲಾಟರಿ ಗೆದ್ದವರು ಉಳಿದವರಿಗಿಂತ ಗಮನಾರ್ಹವಾಗಿ ಹೆಚ್ಚು ಸಂತೋಷವಾಗಿರಲಿಲ್ಲ ಎಂಬುದು ನಿಜ. ಆದರೆ ಅಪಘಾತದಲ್ಲಿ ದೇಹದ ಸ್ವಾಧೀನ ಕಳೆದುಕೊಂಡವರು ಬೇರೆಯವರಷ್ಟೇ ಸಂತೋಷವಾಗಿದ್ದರು ಎಂದು ಪಾಠ ಹೇಳುವುದು ಸರಿಯಲ್ಲ; ಅವರ ಸಂತೋಷ ಕಡಿಮೆಯೇ ಇತ್ತು, ನಾವು ಊಹಿಸುವಷ್ಟು ಕಡಿಮೆ ಇರಲಿಲ್ಲ ಅಷ್ಟೆ. ಆ ಅಧ್ಯಯನದಲ್ಲಿದ್ದ ಲಾಟರಿ ವಿಜೇತರು 22 ಮಂದಿ, ಅಪಘಾತಕ್ಕೊಳಗಾದವರು 29 ಮಂದಿ ಎಂಬುದನ್ನೂ ಕೇಳುಗರಿಗೆ ತಿಳಿಸಬೇಕಿತ್ತು. ಮುಂದೆ ರಿಚರ್ಡ್ ಲ್ಯೂಕಸ್ ಮತ್ತು ಸಂಗಡಿಗರು ಜರ್ಮನಿಯಲ್ಲಿ ಒಂದೇ ಜನರನ್ನು ವರ್ಷಗಟ್ಟಲೆ ಹಿಂಬಾಲಿಸಿದ ಸಮೀಕ್ಷೆಯನ್ನು ಪರಿಶೀಲಿಸಿದಾಗ, ಸಂಗಾತಿಯನ್ನು ಕಳೆದುಕೊಂಡವರು ಮೊದಲಿನ ಸ್ಥಿತಿಯ ಹತ್ತಿರಕ್ಕೆ ಬರಲು ಹಲವು ವರ್ಷ ಬೇಕಾಯಿತೆಂದೂ, ಕೆಲಸ ಕಳೆದುಕೊಂಡವರು ಮತ್ತೆ ಕೆಲಸ ಸಿಕ್ಕಮೇಲೂ ಪೂರ್ತಿ ಮೊದಲಿನಂತಾಗಲಿಲ್ಲವೆಂದೂ ಕಂಡುಬಂತು. ಈ ಮಾತನ್ನು ಪಾಠದಲ್ಲಿ ಸೇರಿಸಿದ್ದರೆ ನನ್ನಂಥವರಿಗೆ ಎಷ್ಟೋ ಸಮಾಧಾನವಾಗುತ್ತಿತ್ತು.

ಎರಡು ವಾರಕ್ಕೊಮ್ಮೆ ಬರುವ ಪ್ರಶ್ನಾವಳಿ ವಿಶ್ವ ಆರೋಗ್ಯ ಸಂಸ್ಥೆ 1998ರಲ್ಲಿ ಹೊರತಂದ ಐದು ಪ್ರಶ್ನೆಗಳ ಸ್ವಾಸ್ಥ್ಯ ಸೂಚ್ಯಂಕ. ಅದನ್ನು ಆರಿಸಿಕೊಂಡದ್ದು ಒಳ್ಳೆಯದಾಯಿತು. ಕಳೆದ ಎರಡು ವಾರಗಳಲ್ಲಿ ಉಲ್ಲಾಸವಾಗಿದ್ದಿರಾ, ಶಾಂತವಾಗಿದ್ದಿರಾ, ಚಟುವಟಿಕೆಯಿಂದಿದ್ದಿರಾ, ಏಳುವಾಗ ದಣಿವು ಆರಿತ್ತೇ, ದಿನಗಳಲ್ಲಿ ಆಸಕ್ತಿ ಹುಟ್ಟಿಸುವ ಸಂಗತಿಗಳಿದ್ದವೇ ಎಂದು ಅದು ಕೇಳುತ್ತದೆ. ಸಿಕ್ಕ ಮೊತ್ತವನ್ನು ನಾಲ್ಕರಿಂದ ಗುಣಿಸಿದರೆ ನೂರಕ್ಕೆ ಎಷ್ಟು ಎಂಬುದು ತಿಳಿಯುತ್ತದೆ. ಅದು ಐವತ್ತರ ಕೆಳಗೆ ಬಂದರೆ ಖಿನ್ನತೆಯಿದೆಯೇ ಎಂದು ಮುಂದಿನ ತಪಾಸಣೆ ಮಾಡಿಸುವುದು ರೂಢಿ. ನಾಲ್ಕನೆಯ ವಾರ ನನ್ನ ಅಂಕ 44 ಬಂತು. ಪರದೆ ಹಳದಿ ಬಣ್ಣಕ್ಕೆ ತಿರುಗಿ, ಉಸಿರಾಟದ ಒಂದು ಅಭ್ಯಾಸವನ್ನು ಮುಂದೆ ಮಾಡಿತು; ವೈದ್ಯರನ್ನು ಕಾಣಿ, ಆಪ್ತಸಮಾಲೋಚಕರೊಂದಿಗೆ ಮಾತನಾಡಿ ಎಂಬ ಒಂದು ಸಾಲೂ ಎಲ್ಲಿಯೂ ಇರಲಿಲ್ಲ. ಇದನ್ನು ಸಣ್ಣ ದೋಷವೆಂದು ಬಿಡಲು ನನ್ನಿಂದಾಗದು. ಮಾಪಕವನ್ನು ಎರವಲು ತಂದವರು ಅದರೊಂದಿಗೆ ಬರುವ ಹೊಣೆಯನ್ನೂ ತರಬೇಕು. ನಾನೇ ಯೋಚಿಸಿ ವೈದ್ಯರ ಬಳಿ ಹೋದೆ, ಅವರು ನಿದ್ದೆಯ ವಿಷಯದಲ್ಲಿ ನೆರವಾದರು. ಹಾಗೆ ಎದ್ದು ಹೋಗುವ ಶಕ್ತಿಯಿಲ್ಲದವರು, ಹಳದಿ ಪರದೆಯನ್ನೇ ನಂಬಿ ಕುಳಿತವರು ಏನಾಗಬೇಕು? ಸೇವೆಯವರಿಗೆ ಈ ಬಗ್ಗೆ ಬರೆದೆ. ಸಲಹೆಯನ್ನು ಸಂಬಂಧಪಟ್ಟ ತಂಡಕ್ಕೆ ತಲುಪಿಸಿದ್ದೇವೆ ಎಂಬ ಉತ್ತರ ಎರಡು ದಿನಕ್ಕೆ ಬಂತು, ಎಂಟನೆಯ ವಾರದವರೆಗೆ ಬದಲಾವಣೆಯೇನೂ ಕಾಣಲಿಲ್ಲ.

ಇಷ್ಟು ಕುಂದುಗಳಿದ್ದರೂ ಕೋರ್ಸನ್ನು ನಡುವೆ ಬಿಡದಿರಲು ಆರನೆಯ ವಾರವೇ ಕಾರಣ. ನಿಮಗೆ ಒಳಿತು ಮಾಡಿದ, ಆದರೆ ನೀವು ಎಂದೂ ಸರಿಯಾಗಿ ಕೃತಜ್ಞತೆ ಹೇಳದ ಒಬ್ಬರಿಗೆ ಪತ್ರ ಬರೆದು, ಅದನ್ನು ಅವರ ಮುಂದೆಯೇ ಓದಿ ಹೇಳಬೇಕು ಎಂಬುದು ಆ ವಾರದ ಅಭ್ಯಾಸ. ಇದೂ ಸೆಲಿಗ್‌ಮನ್ ತಂಡದ ಪ್ರಯೋಗದಲ್ಲಿದ್ದದ್ದೇ. ಪರೀಕ್ಷಿಸಿದ ಅಭ್ಯಾಸಗಳಲ್ಲಿ ತಕ್ಷಣಕ್ಕೆ ಅತಿ ಹೆಚ್ಚು ಫಲ ಕೊಟ್ಟದ್ದು ಇದು, ಕೆಲವು ತಿಂಗಳಲ್ಲಿ ಆ ಫಲ ಮಾಸಿತ್ತು. ನಾನು ನನ್ನ ಮೊದಲ ಕೆಲಸದಲ್ಲಿ ಕರಡು ತಿದ್ದುವುದನ್ನು ಕಲಿಸಿಕೊಟ್ಟ ಹಿರಿಯರಿಗೆ ಬರೆದೆ. ನನ್ನ ಕಣ್ತಪ್ಪಿನಿಂದ ಒಂದು ಇಡೀ ಫಾರಂ, ಅಂದರೆ ಒಟ್ಟಿಗೆ ಅಚ್ಚಾಗುವ ಪುಟಗಳ ಹಾಳೆ, ತಪ್ಪಾಗಿ ಅಚ್ಚಾದ ದಿನ, ಮಾಲೀಕರೆದುರು ಅವರು "ನಾನೂ ನೋಡಿದ್ದೆ, ನನ್ನ ಕಣ್ಣಿಗೂ ಬೀಳಲಿಲ್ಲ" ಎಂದು ಹೇಳಿ ನನ್ನ ಕೆಲಸ ಉಳಿಸಿದ್ದರು. ವಾಸ್ತವವಾಗಿ ಅವರು ಆ ಕರಡನ್ನು ಮುಟ್ಟಿಯೇ ಇರಲಿಲ್ಲ. ದೂರದಲ್ಲಿರುವುದರಿಂದ ಫೋನಿನಲ್ಲಿ ಓದಬೇಕಾಯಿತು. ನಂಬರು ಒತ್ತುವ ಮೊದಲು ಮೂರು ಸಲ ಫೋನ್ ಕೆಳಗಿಟ್ಟೆ. ಇಷ್ಟು ವರ್ಷದ ಮೇಲೆ ಇದೆಂಥ ನಾಟಕ ಎಂದು ಅವರಿಗೆ ಅನಿಸಬಹುದೆಂಬ ಸಂಕೋಚ. "ಯಾಕಮ್ಮಾ, ಎಲ್ಲ ಸೌಖ್ಯ ತಾನೆ?" ಎಂದು ಗಾಬರಿಯಿಂದಲೇ ಕೇಳಿದರು. "ಸರ್, ಒಂದು ಪತ್ರ ಬರೆದಿದ್ದೇನೆ, ಓದುತ್ತೇನೆ, ಪೂರ್ತಿ ಕೇಳಿ" ಎಂದು ಓದತೊಡಗಿದೆ. ಮುಗಿದ ಮೇಲೆ ಆ ಕಡೆಯಿಂದ ಸದ್ದಿಲ್ಲ. ಲೈನು ಕಡಿದುಹೋಯಿತೇನೋ ಎಂದು "ಸರ್?" ಎಂದಾಗ, ಗಂಟಲು ಸರಿಮಾಡಿಕೊಂಡು, "ಆ ಎರಡನೆಯ ಪ್ಯಾರಾ ಇನ್ನೊಂದು ಸಲ ಓದು. ನಿಧಾನವಾಗಿ ಓದು" ಎಂದರು.

ಅಮಿತ್ ಕುಮಾರ್ ಮತ್ತು ನಿಕೊಲಸ್ ಎಪ್ಲಿ 2018ರಲ್ಲಿ ಇದೇ ಸಂಕೋಚವನ್ನು ಅಧ್ಯಯನ ಮಾಡಿದ್ದಾರೆ. ಕೃತಜ್ಞತೆಯ ಪತ್ರ ಬರೆಯುವವರು, ಓದುವವರಿಗೆ ಮುಜುಗರವಾದೀತೆಂದು ಇರುವುದಕ್ಕಿಂತ ಹೆಚ್ಚಾಗಿ ಅಂಜುತ್ತಾರೆ. ಅವರಿಗಾಗುವ ಅಚ್ಚರಿಯನ್ನೂ ಹಿತವನ್ನೂ ಕಡಿಮೆ ಅಂದಾಜು ಮಾಡುತ್ತಾರೆ. ಆ ವಾರದ ಧ್ವನಿಪಾಠದಲ್ಲಿ ಈ ಮಾತನ್ನು ಬಹಳ ಸೊಗಸಾಗಿ ವಿವರಿಸಿದ್ದಾರೆ. ಮೂರನೆಯ ಸಲ ಫೋನ್ ಕೆಳಗಿಟ್ಟಾಗ ನನಗೆ ಧೈರ್ಯ ಬಂದದ್ದು ಆ ವಿವರಣೆಯನ್ನು ನೆನಪಿಸಿಕೊಂಡೇ. ಸೇವೆಯ ಈ ಭಾಗವನ್ನು ರೂಪಿಸಿದವರಿಗೆ ನಾನು ನಿಜವಾಗಿ ಋಣಿ. 1938ರಲ್ಲಿ ಆರಂಭವಾಗಿ ಇಂದಿಗೂ ನಡೆಯುತ್ತಿರುವ ಹಾರ್ವರ್ಡ್‌ನ ದೀರ್ಘ ಅಧ್ಯಯನದ ಪರಿಚಯ ಏಳನೆಯ ಪಾಠದಲ್ಲಿದ್ದು, ಆಪ್ತ ಸಂಬಂಧಗಳು ಮುಪ್ಪಿನ ಆರೋಗ್ಯಕ್ಕೂ ಹೇಗೆ ಹೆಣೆದುಕೊಂಡಿವೆ ಎಂಬುದನ್ನು ಅಲ್ಲಿ ಉತ್ಪ್ರೇಕ್ಷೆಯಿಲ್ಲದೆ ಹೇಳಿದ್ದಾರೆ. ಎಂಟನೆಯ ಪಾಠ ಧ್ಯಾನದ ಕುರಿತು, ಅದರಲ್ಲಿ ವಿಶೇಷವೇನಿಲ್ಲ.

ಈ ಎಂಟು ವಾರಗಳನ್ನು ಹಿಂತಿರುಗಿ ನೋಡಿದಾಗ, ನನಗೆ ಉಪಕಾರವಾದದ್ದೆಲ್ಲ ಫೋನನ್ನು ಬದಿಗಿಟ್ಟು ಇನ್ನೊಬ್ಬರ ಕಡೆಗೆ ಹೋಗುವಂತೆ, ಅಥವಾ ಅವರು ನನ್ನ ಕಡೆಗೆ ಬಂದುದನ್ನು ಗಮನಿಸುವಂತೆ ಈ ಆ್ಯಪ್ ಮಾಡಿದಾಗ. ತೊಂದರೆಯಾದದ್ದೆಲ್ಲ ನನ್ನನ್ನು ನಾನೇ ಅಳೆದುಕೊಳ್ಳುವಂತೆ ಮಾಡಿದಾಗ. ಮೇಲೆ ಹೇಳಿದ ಡೀನರ್ ಅವರ ಜೀವನತೃಪ್ತಿ ಮಾಪಕದಲ್ಲಿ ಆರಂಭದಲ್ಲಿ 17 ಇದ್ದ ನನ್ನ ಅಂಕ ಕೊನೆಗೆ 20 ಆಗಿತ್ತು, ಸ್ವಾಸ್ಥ್ಯ ಸೂಚ್ಯಂಕ 60 ಆಗಿತ್ತು. ಇದರಲ್ಲಿ ವೈದ್ಯರ ಪಾಲೆಷ್ಟು, ಕಳೆದ ಕಾಲದ ಪಾಲೆಷ್ಟು, ಆ್ಯಪ್‌ನ ಪಾಲೆಷ್ಟು ಎಂದು ಬಿಡಿಸಲು ಬರುವುದಿಲ್ಲವಾದ್ದರಿಂದ, "ನೀವು ಇಷ್ಟು ಸುಧಾರಿಸಿದ್ದೀರಿ, ಹಂಚಿಕೊಳ್ಳಿ" ಎಂದು ಕೊನೆಯಲ್ಲಿ ಅದು ತೋರಿಸುವ ಬಣ್ಣದ ಚಿತ್ರವನ್ನು ನಾನು ಯಾರಿಗೂ ಕಳುಹಿಸಲಿಲ್ಲ.

ಕೊಳ್ಳಬೇಕೆಂದಿರುವವರಿಗೆ ನನ್ನ ಸಲಹೆ ಇಷ್ಟು. ಬದುಕು ಒಂದು ಮಟ್ಟದಲ್ಲಿ ನಡೆಯುತ್ತಿದ್ದು, ಹೊಸ ಅಭ್ಯಾಸಗಳನ್ನು ಕಲಿಯುವ ಆಸೆಯಿದ್ದರೆ, ಎರಡು, ಐದು, ಆರು ಮತ್ತು ಏಳನೆಯ ಪಾಠಗಳಿಗಾಗಿ ಈ ಕೋರ್ಸನ್ನು ತೆಗೆದುಕೊಳ್ಳಬಹುದು, ಸೆಟ್ಟಿಂಗ್ಸ್‌ಗೆ ಹೋಗಿ ರಾತ್ರಿಯ ಅಂಕವನ್ನೂ ಗಿಡವನ್ನೂ ಮೊದಲ ದಿನವೇ ನಿಲ್ಲಿಸಿ, "ಏಕೆ?" ಎಂಬ ಖಾನೆಯನ್ನು ಮಾತ್ರ ಬಿಡದೆ ತುಂಬಿ. ಹೊಸದಾಗಿ ಸಾವುನೋವು ಕಂಡವರು, ಎರಡು ವಾರಕ್ಕಿಂತ ಹೆಚ್ಚು ಕಾಲ ಯಾವುದರಲ್ಲೂ ಆಸಕ್ತಿ ಇಲ್ಲದಂತಾದವರು ಇದನ್ನು ಚಿಕಿತ್ಸೆಯೆಂದು ತೆಗೆದುಕೊಳ್ಳಬಾರದು, ಮೊದಲು ವೈದ್ಯರನ್ನು ಕಾಣಬೇಕು. ನಾನು ಚಂದಾ ಮುಂದುವರಿಸುವುದಿಲ್ಲ. ಭಾನುವಾರಕ್ಕೊಮ್ಮೆ ಒಂದು ನೋಟ್‌ಬುಕ್‌ನಲ್ಲಿ ಬರೆಯುತ್ತಿದ್ದೇನೆ.

ಕಳೆದ ವಾರ ಆ ಹಿರಿಯರು ತಾವೇ ಫೋನ್ ಮಾಡಿ, ಪತ್ರವನ್ನು ಅಂಚೆಯಲ್ಲಿ ಕಳುಹಿಸು, ಮನೆಯವರಿಗೆ ಓದಿಸಬೇಕು ಎಂದರು. ಕಳುಹಿಸುವ ಮುಂಚೆ ಕುಳಿತು ಅದರ ಕರಡನ್ನು ಎರಡು ಸಲ ತಿದ್ದಿದೆ.